ಕೋಶಕಾರ ಕಿಟ್ಟೆಲ್ ಮಹಾಶಯರು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಮಾರ್ಗದಲ್ಲಿರುವ ಪೀರನವಾಡಿಯ ಹೆಸರನ್ನು ಆಂಗ್ಲ ಕೋಶಕಾರರ ಪದ್ಧತಿಯಂತೆ ನಡುನಡುವೆ ಹೈಫನ್ ಇಟ್ಟು ಬಿಡಿಸಿದರೆ ಪೀರ-ನ-ವಾಡಿ ಎಂದಾಗುತ್ತದೆ. ಮೊದಲನೆಯದು ಪಾರಸೀ ಶಬ್ದ; ನಡುವಣ ನಕಾರವು ಕನ್ನಡದ ಷಷ್ಠಿಯ ರೂಪ; ಕಡೆಯದು ಕನ್ನಡಿಗರೂ ಮರಾಠಿಗರೂ ಬಳಸುವ ಮಾತು. ಶಬ್ದಕ್ಕೆ ಅರ್ಥ ಹೇಳುವ ಮೊದಲು ಅದನ್ನು ಸರಿಯಾದ ಸ್ಥಳದಲ್ಲಿ ಒಡೆಯಲು ಬರಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಇಂಗ್ಲಿಷ್ ಶಬ್ದವನ್ನು ಹೀಗೆ ತುಂಡರಿಸಿದರೆ ಅಕ್ಷರಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತವೆ. ಕನ್ನಡದ ಸ್ಥಿತಿ ಬೇರೆ. ಮಳೆಗಾಲವೆಂಬುದನ್ನು ಒಡೆದು ಗಕಾರದ ಪುಟಗಳಲ್ಲಿ ಹುಡುಕುವ ಪರಸ್ಥಳದವನಿಗೆ ನಿರಾಶೆಯೇ ಗತಿ. ಸಂಧಿಯಲ್ಲಿ ಕಕಾರವು ಗಕಾರವಾಯಿತೆಂದು ತಿಳಿದವನಿಗೆ ಮಾತ್ರ ಕಾಲವು ದೊರೆತೀತು. ಈ ಜಟಿಲ ಕಾರ್ಯಕ್ಕೆ ಕೈಯಿಕ್ಕಿ, ನಮ್ಮ ನುಡಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದವರು ಹುಟ್ಟಿನಿಂದ ಕನ್ನಡಿಗರೂ ಅಲ್ಲ, ಇಂಗ್ಲಿಷರೂ ಅಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ ಮಹಾಶಯರು.

ಕಿಟ್ಟೆಲರು ಜನಿಸಿದ್ದು 1832ರ ಏಪ್ರಿಲ್ 7ರಂದು. ಬಾಸೆಲ್ ಮಿಶನ್ನಿನವರು ಅವರನ್ನು 1853ರಲ್ಲಿ ಹಿಂದುಸ್ಥಾನಕ್ಕೆ ಕಳುಹಿದುದು ಧರ್ಮಪ್ರಚಾರಕ್ಕಾಗಿ. ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದ ಸ್ಥಳಗಳಲ್ಲಿ ಅವರ ವಾಸವಾಯಿತು. ಆದರೆ ಜನರನ್ನು ತಮ್ಮತ್ತ ಸೆಳೆಯಬಂದವರನ್ನು ಜನರ ನುಡಿಯೇ ಸೆಳೆದುಕೊಂಡಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿ ಅಚ್ಚುಹಾಕಿಸಿದರು. ಪದವನ್ನು ಎಲ್ಲಿ ಒಡೆಯಬೇಕೆಂಬ ವಿದ್ಯೆಯನ್ನು ಅವರಿಗೆ ಕಲಿಸಿದವನು ಕೇಶಿರಾಜನೇ ಎಂದರೆ ತಪ್ಪಾಗದು.

ಕೋಶದ ಕಾರ್ಯವು ಹತ್ತಿಪ್ಪತ್ತು ವರ್ಷಗಳನ್ನು ನುಂಗಿತು. ನಡುವೆ 1877ರಲ್ಲಿ ಸ್ವದೇಶಕ್ಕೆ ತೆರಳಿದ ಅವರು ಕೋಶವನ್ನು ಮುಗಿಸುವುದಕ್ಕೆಂದೇ 1883ರಲ್ಲಿ ಮರಳಿ ಬಂದರು. ಹಳಗನ್ನಡ ಕಾವ್ಯಗಳನ್ನು ಶೋಧಿಸಿದಂತೆಯೇ ಸಾಮಾನ್ಯರ ಬಾಯಲ್ಲಿದ್ದ ಗಾದೆಗಳನ್ನೂ ಅವರು ಪ್ರಮಾಣವೆಂದು ಸ್ವೀಕರಿಸಿದರು. ಒಕ್ಕಲಿಗನ ಗಾದೆಗೆ ಪಂಪನ ಪಂಕ್ತಿಯಲ್ಲಿ ಎಲೆ ಹಾಕಿದ ಈ ಔದಾರ್ಯವು ನಮ್ಮ ಪಂಡಿತರಲ್ಲಿಯೂ ಆಗ ಅಪರೂಪವಾಗಿತ್ತು. ಒಂದು ಕನ್ನಡ ಶಬ್ದಕ್ಕೆ ಸರಿಸಮನಾದ ಒಂದೇ ಇಂಗ್ಲಿಷ್ ಶಬ್ದ ಸಿಗದಲ್ಲಿ ಹಲವನ್ನು ಒಟ್ಟಿಗಿಟ್ಟರು. ತಮಿಳು, ತೆಲುಗು, ಮಲೆಯಾಳ, ತುಳುಗಳ ಸೋದರ ಶಬ್ದಗಳನ್ನು ಪಕ್ಕದಲ್ಲಿ ತೋರಿಸಿದರು. ಸಂಸ್ಕೃತವೇ ದ್ರಾವಿಡದಿಂದ ಸಾಲ ಪಡೆದಿರಬಹುದಾದ ಶಬ್ದಗಳ ಪಟ್ಟಿಯನ್ನು ಮುನ್ನುಡಿಯಲ್ಲಿ ಕೊಟ್ಟರು. ಅದರಲ್ಲಿಯ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೂ ಸಾಲವೆಲ್ಲ ನಮ್ಮದೇ ಎಂದು ನಂಬಿದ್ದವರಿಗೆ ಲೆಕ್ಕದ ಪುಸ್ತಕವನ್ನು ತಿರುವಿ ನೋಡುವ ಧೈರ್ಯ ಅದರಿಂದ ಬಂತು.

1894ರಲ್ಲಿ ಮಂಗಳೂರಿನಲ್ಲಿ ಕೋಶವು ಪ್ರಕಟವಾಯಿತು. ಪುಟಗಳು 1,700ಕ್ಕೂ ಮಿಗಿಲು, ಶಬ್ದಗಳು ಸುಮಾರು 70,000. ಆಗ ಕನ್ನಡಿಗರ ಸ್ಥಿತಿಯೇನು? ಬೆಳಗಾವಿ, ಧಾರವಾಡಗಳು ಮುಂಬಯಿ ಇಲಾಖೆಯಲ್ಲಿ, ಬಳ್ಳಾರಿ, ಮಂಗಳೂರುಗಳು ಮದ್ರಾಸಿನಲ್ಲಿ, ಕಲಬುರ್ಗಿ ನಿಜಾಮರಲ್ಲಿ, ಮೈಸೂರು, ಕೊಡಗುಗಳು ಬೇರೆ ಬೇರೆ. 1956ರಲ್ಲಿ ಪ್ರಾಂತವೊಂದಾಗುವುದಕ್ಕೆ 62 ವರ್ಷ ಮೊದಲೇ ಈ ಎಲ್ಲ ಸೀಮೆಗಳ ಮಾತುಗಳು ಅಕಾರಾದಿಯಾಗಿ ಒಂದೇ ರಟ್ಟಿನೊಳಗೆ ಕೂಡಿ ಕುಳಿತವು. ಸರ್ಕಾರದ ಯಾವ ಆಜ್ಞೆಯೂ ಅದಕ್ಕೆ ಬೇಕಾಗಲಿಲ್ಲ.

ಕೋಶವು ಹೊರಬೀಳುವ ಹೊತ್ತಿಗೆ ಕಿಟ್ಟೆಲರು ಇಲ್ಲಿರಲಿಲ್ಲ. ದೇಹಸ್ಥಿತಿ ಕೆಟ್ಟು 1892ರಲ್ಲಿಯೇ ಜರ್ಮನಿಗೆ ಹಿಂತಿರುಗಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಅಲ್ಲಿಯೂ ಅವರು ಲೇಖನಿಯನ್ನು ಕೆಳಗಿಡದೆ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಅವರು ದೇಹವಿಟ್ಟರು.