ಕತ್ತಲಲ್ಲಿ ಕೊಟ್ಟ ಕೈ

ಕ್ರಿಸ್ಮಸ್ ತಾತನನ್ನು ನಿಮ್ಮ ಮಕ್ಕಳು ಬಲ್ಲರು. ಅವನ ಹಿಂದಿರುವ ಸಂತ ನಿಕೊಲಾಸರನ್ನು ಬಲ್ಲರೇ?

ಅವರು 4ನೇ ಶತಮಾನದಲ್ಲಿ, ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದ್ದ ಮೈರಾ ಪಟ್ಟಣದ ಧರ್ಮಾಧ್ಯಕ್ಷರು. ಅವರು ಬರೆದದ್ದೇನೂ ಉಳಿದಿಲ್ಲ. ಅವರ ಕಥೆಗಳು ಬಹುಪಾಲು ಅವರು ತೀರಿಹೋದ ಎಷ್ಟೋ ಕಾಲದ ಮೇಲೆ ಬರಹಕ್ಕೆ ಬಂದವು. 1087ರಲ್ಲಿ ನಾವಿಕರು ಅವರ ಪವಿತ್ರ ಅವಶೇಷಗಳನ್ನು ಇಟಲಿಯ ಬಾರಿ ನಗರಕ್ಕೆ ಒಯ್ದರು. ಅವರ ಮೇಲಿನ ಭಕ್ತಿ ಯೂರೋಪಿನಲ್ಲಿ ಇನ್ನಷ್ಟು ಹಬ್ಬಿತು. ಮುಂದೆ ಡಚ್ಚರ ಸಿಂಟರ್‌ಕ್ಲಾಸ್ ಅಮೆರಿಕದಲ್ಲಿ ಸಾಂತಾಕ್ಲಾಸ್ ಆದ.

ಒಂದು ಕಥೆ ಕೇಳಿ. ವರದಕ್ಷಿಣೆಗೆ ಹಣವಿಲ್ಲದ ತಂದೆಯೊಬ್ಬ ತನ್ನ ಮೂವರು ಹೆಣ್ಣುಮಕ್ಕಳನ್ನು ಪಾಪದ ಬಾಳಿಗೆ ನೂಕಲಿದ್ದ. ನಿಕೊಲಾಸರು ರಾತ್ರಿ ಹೊತ್ತು ಕಿಟಕಿಯಿಂದ ಹೊನ್ನಿನ ಗಂಟು ಎಸೆದು, ಗುರುತು ಕೊಡದೆ ಹೋದರಂತೆ.

ಇದು ಬರೀ ಕಟ್ಟುಕಥೆ ಎನ್ನಬೇಡಿ. ಜನರ ನೆನಪು ವಿವರಗಳನ್ನು ಬೆಳೆಸಿರಬಹುದು. ಆದರೆ ಬಡವರ ಮಾನ ಕಾಯ್ದ ಗುರುವನ್ನು ಅದು ಬಿಟ್ಟುಕೊಡಲಿಲ್ಲ. ಮರೆತವರು ನಾವು. ಉಡುಗೊರೆ ಉಳಿಯಿತು, ಗುಟ್ಟಾಗಿ ಕೊಡುವ ಕೈ ಮರೆಯಾಯಿತು.

ಡಿಸೆಂಬರ್ 6 ಅವರ ಹಬ್ಬ. ಅಂದು ಸಂಜೆ ಕುಟುಂಬ ಪ್ರಾರ್ಥನೆಯ ಬಳಿಕ ಮಕ್ಕಳಿಗೆ ಈ ಕಥೆ ಹೇಳಿ. ಹೇಳುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ಮಗನ ಮದುವೆಗೆ ವರದಕ್ಷಿಣೆ ಕೇಳುವ ಮನೆಯಲ್ಲಿ ಈ ಸಂತರ ನೆನಪು ಉಳಿದೀತೇ?