ವಾಲ್ಟರ್ ಜಾನ್‌ಸನ್ನನ ಸೋಲುಗೆಲುವು

ಕ್ರಿಕೆಟ್ಟಿನಲ್ಲಿ ಗೆದ್ದರೂ ಸೋತರೂ ಅದು ತಂಡದ್ದು. ಬೌಲರನ ಹೆಸರಿನ ಮುಂದೆ ವಿಕೆಟ್ಟುಗಳನ್ನೂ ರನ್ನುಗಳನ್ನೂ ಬರೆಯುತ್ತಾರೆಯೇ ಹೊರತು ಸೋಲುಗೆಲುವನ್ನಲ್ಲ. ಈ ರೂಢಿಯನ್ನಷ್ಟೇ ಬಲ್ಲ ನನಗೆ ಅಮೆರಿಕದ ಬೇಸ್‌ಬಾಲ್ ಆಟಗಾರ ವಾಲ್ಟರ್ ಜಾನ್‌ಸನ್ನನ ದಾಖಲೆಯನ್ನು ಕಂಡಾಗ ಸೋಜಿಗವಾಯಿತು. ಗೆಲುವು 417, ಸೋಲು 279. ಒಂಬತ್ತು ಮಂದಿ ಕೂಡಿ ಆಡುವ ಆಟದಲ್ಲಿ ಇಷ್ಟು ಸೋಲುಗಳು ಒಬ್ಬನವೇ ಹೇಗಾದವು?

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಪ್ರತಿ ಪಂದ್ಯದ ಗೆಲುವನ್ನು ಗೆದ್ದ ಪಕ್ಷದ ಒಬ್ಬ ಪಿಚರನಿಗೂ, ಸೋಲನ್ನು ಸೋತ ಪಕ್ಷದ ಒಬ್ಬ ಪಿಚರನಿಗೂ ಬರೆಯುವುದು ಅಲ್ಲಿನ ಪದ್ಧತಿ. ಕೊನೆಯವರೆಗೂ ಕೈಬಿಡದ ಮುನ್ನಡೆಯನ್ನು ತಂಡವು ಪಡೆದಾಗ ಅದರ ಪಿಚರನಾಗಿದ್ದವನಿಗೆ ಸಾಮಾನ್ಯವಾಗಿ ಗೆಲುವು. ಆ ಮುನ್ನಡೆಯ ರನ್ನಿಗೆ ಹೊಣೆಯಾದ ಎದುರು ಪಕ್ಷದ ಪಿಚರನಿಗೆ ಸೋಲು. ಈ ನಿಯಮಗಳು ವಿಧಿಬದ್ಧವಾಗಿ ನಿಯಮಾವಳಿಗೆ ಸೇರಿದ್ದು 1950ರಲ್ಲಿ. ಅದಕ್ಕೆ ಮುಂಚೆ ಲೆಕ್ಕ ಬರೆಯುವವರ ವಿವೇಚನೆಗೆ ಹೆಚ್ಚಿನ ಎಡೆಯಿತ್ತು.

ಜಾನ್‌ಸನ್ ಹುಟ್ಟಿದ್ದು 1887ರಲ್ಲಿ, ಕಾನ್ಸಾಸ್ ಸಂಸ್ಥಾನದ ಹಂಬೋಲ್ಟ್ ಬಳಿಯ ಒಂದು ಬೇಸಾಯದ ಮನೆಯಲ್ಲಿ. 1907ರ ಆಗಸ್ಟ್ 2ರಂದು, ಹತ್ತೊಂಬತ್ತರ ಹರೆಯದಲ್ಲಿ, ವಾಷಿಂಗ್ಟನ್ ತಂಡದ ಪರವಾಗಿ ತನ್ನ ಮೊದಲ ಪಂದ್ಯವನ್ನಾಡಿದ. ಡೆಟ್ರಾಯಿಟ್ ತಂಡವು 3-2ರಿಂದ ಗೆದ್ದಿತು. ಆತನ ಲೆಕ್ಕದಲ್ಲಿ ಬಿದ್ದ ಮೊದಲ ಅಂಕಿಯೇ ಸೋಲು. ಮುಂದೆ 1927ರವರೆಗೆ ಆತ ಆ ತಂಡವನ್ನು ಬಿಡಲಿಲ್ಲ. ತೋಳನ್ನು ಪಕ್ಕದಿಂದ ಬೀಸಿ ಆತ ಎಸೆದ ಚೆಂಡಿನ ವೇಗಕ್ಕೆ ದಾಂಡಿಗರು ಅಂಜುತ್ತಿದ್ದರು. ಆದರೆ ಆತನ ತಂಡ ಬಹುಕಾಲ ದುರ್ಬಲವಾಗಿತ್ತು. 1916ರಲ್ಲಿ ಇಡೀ ಋತುವಿನಲ್ಲಿ ಆತನ ಚೆಂಡಿಗೆ ಯಾರೂ ಒಂದು ಹೋಂ ರನ್ ಹೊಡೆಯಲಿಲ್ಲ; ಆದರೂ ಆತನ ಹೆಸರಿಗೆ 20 ಸೋಲುಗಳು ಬಂದವು. ಜೀವಮಾನದಲ್ಲಿ 1-0ರಿಂದ ಸೋತ ಪಂದ್ಯಗಳೇ 26. ತನ್ನವರು ಒಂದು ರನ್ನನ್ನೂ ಗಳಿಸದಿದ್ದರೆ ಪಿಚರನು ಗೆಲ್ಲುವ ಬಗೆ ಯಾವುದು?

ಮೂವತ್ತಾರರ ವಯಸ್ಸಿನಲ್ಲಿ, 1924ರಲ್ಲಿ, ಆತನಿಗೆ ಮೊದಲ ಬಾರಿಗೆ ವಿಶ್ವ ಸರಣಿಯ ಅವಕಾಶ ದೊರೆಯಿತು. ನ್ಯೂಯಾರ್ಕ್ ಜೈಂಟ್ಸ್ ತಂಡದೆದುರು ತಾನು ಆರಂಭಿಸಿದ ಎರಡು ಪಂದ್ಯಗಳನ್ನೂ ಸೋತ. ನಿರ್ಣಾಯಕವಾದ ಏಳನೆಯ ಪಂದ್ಯದಲ್ಲಿ, ಇತ್ತಂಡಗಳೂ 3-3ರಲ್ಲಿ ಸಮವಾಗಿದ್ದಾಗ, ಒಂಬತ್ತನೆಯ ಇನಿಂಗ್ಸಿನಲ್ಲಿ ಅವನನ್ನು ಕರೆದರು. ನಾಲ್ಕು ಇನಿಂಗ್ಸ್ ಆತ ಒಂದು ರನ್ನನ್ನೂ ಕೊಡಲಿಲ್ಲ. ಹನ್ನೆರಡನೆಯದರಲ್ಲಿ ವಾಷಿಂಗ್ಟನ್ನಿನ ಮೆಕ್‌ನೀಲಿ ಹೊಡೆದ ನೆಲದ ಚೆಂಡು, ಕಲ್ಲಿಗೆ ತಾಗಿತೆಂಬಂತೆ ಪುಟಿದು, ಕಾದು ನಿಂತಿದ್ದ ಲಿಂಡ್‌ಸ್ಟ್ರಾಮನ ತಲೆಯ ಮೇಲೆ ಹಾರಿಹೋಯಿತು. ಸರಣಿ ಕೈಸೇರಿತು, ಗೆಲುವು ಜಾನ್‌ಸನ್ನನ ಹೆಸರಿಗೆ ಬಂತು.

ಮರುವರ್ಷ ಪಿಟ್ಸ್‌ಬರ್ಗಿನಲ್ಲಿ ಮತ್ತೆ ಏಳನೆಯ ಪಂದ್ಯ. ಸುರಿಯುವ ಮಳೆ, ಕೆಸರಾದ ಅಂಗಳ. ಆ ಸರಣಿಯಲ್ಲಿ ಎಂಟು ತಪ್ಪುಗಳನ್ನು ಮಾಡಿದ ಪೆಕಿನ್‌ಪಾ ಅಂದೂ ಎಡವಿದ. ಆದರೆ ಅಂದು ಹೋಂ ರನ್ ಹೊಡೆದು ತಂಡಕ್ಕೆ ಮುನ್ನಡೆ ತಂದವನೂ ಅವನೇ. ಜಾನ್‌ಸನ್ ಕೊನೆಯವರೆಗೂ ಎಸೆದ. 15 ಹೊಡೆತಗಳನ್ನು ತಿಂದ. ತಂಡ 9-7ರಿಂದ ಸೋತಿತು. ಆ ಸೋಲೂ ಆತನದೇ ಆಯಿತು.

ತನ್ನವರ ತಪ್ಪನ್ನು ಎತ್ತಿ ಆಡದ ಸೌಮ್ಯ ಸ್ವಭಾವಕ್ಕೆ ಆತ ಹೆಸರಾಗಿದ್ದ. 1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಆಯ್ಕೆಯಾದ ಮೊದಲ ಐವರಲ್ಲಿ ಆತನೂ ಒಬ್ಬ. 1946ರಲ್ಲಿ ತೀರಿಕೊಂಡ.

ಈ ಲೆಕ್ಕ ನ್ಯಾಯವಾದದ್ದೇ? ಅಲ್ಲವೆಂದೇ ನನಗೆ ತೋರುತ್ತದೆ. ಆದರೆ ಅನ್ಯಾಯವನ್ನು ಎಣಿಸುವಾಗ ನಾವು ಆ 26 ಸೋಲುಗಳನ್ನು ಮಾತ್ರ ಎಣಿಸುತ್ತೇವೆ. ಪುಟಿದ ಆ ಒಂದು ಚೆಂಡು ತಂದ ಗೆಲುವನ್ನು ಮರೆಯುತ್ತೇವೆ. ಕಲ್ಲಿಗಾಗಲಿ ಮಳೆಗಾಗಲಿ ಆ ಪುಸ್ತಕದಲ್ಲಿ ಅಂಕಣವಿಲ್ಲ. ಎರಡನ್ನೂ ತನ್ನ ಹೆಸರಿನಲ್ಲಿ ಹೊತ್ತವನು ಜಾನ್‌ಸನ್.