ಮಹಾವೀರಾಚಾರ್ಯನ ಸಂಖ್ಯಾಹಾರ

ಸುಳ್ಯದ ನಮ್ಮ ಮನೆಯಂಗಳದಲ್ಲಿ ಒಮ್ಮೆ ನಾನು ೧೩೯ ಅಡಿಕೆಗಳನ್ನು ಸಮನಾದ ಸಾಲುಗಳಲ್ಲಿ ಇರಿಸಲು ಹೊರಟು ಸೋತೆನು. ಮೂರರ ಸಾಲು, ಏಳರ ಸಾಲು, ಹನ್ನೊಂದರ ಸಾಲು. ಪ್ರತಿಸಲವೂ ಕೆಲವು ಉಳಿದೇ ಉಳಿದವು. ೧೩೯ ಅವಿಭಾಜ್ಯ ಸಂಖ್ಯೆ. ಅದನ್ನು ಕಂಡಾಗಲೆಲ್ಲ ನನಗೆ ಮಹಾವೀರಾಚಾರ್ಯನ ನೆನಪಾಗುತ್ತದೆ.

ಕ್ರಿ.ಶ. ೮೫೦ರ ಸುಮಾರಿಗೆ, ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ಜೈನ ಗಣಿತಜ್ಞನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ತನ್ನ ತಾಯಿತಂದೆಗಳಾರು, ಊರಾವುದು ಎಂಬುದನ್ನು ಅವನು ಹೇಳಲಿಲ್ಲ. ದೊರೆಯನ್ನು ಮಾತ್ರ ಮನಸಾರೆ ಹೊಗಳಿದ್ದಾನೆ.

ಗುಣಾಕಾರವನ್ನು ಕಲಿಸುವಾಗ ಅವನು ೧೩೯ನ್ನು ೧೦೯ರಿಂದ ಗುಣಿಸಹೇಳುತ್ತಾನೆ. ಉತ್ತರ ೧೫೧೫೧, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ಎರಡು ಒಂದುಗಳ ನಡುವೆ ಎಂಟು ಸೊನ್ನೆಗಳ ಸರ! ಇಂತಹ ಕೆಲವನ್ನು ಅವನು ಕಂಠಾಭರಣಗಳೆಂದೇ ಕರೆದನು.

೧೩೯ರಂತೆ ೧೦೯ ಕೂಡ ಅವಿಭಾಜ್ಯವೇ. ಅವೆರಡನ್ನು ಗುಣಿಸುವುದು ಕ್ಷಣದ ಕೆಲಸ. ೧೫೧೫೧ನ್ನಷ್ಟೇ ಕೈಗಿತ್ತು ಅದನ್ನು ಒಡೆಯೆಂದರೆ ಬಳಪ ಸವೆದೀತು. ನೂರಾರು ಅಂಕಿಗಳ ಅವಿಭಾಜ್ಯಗಳಲ್ಲಿ ಈ ಕಷ್ಟವೇ ಇಂದು ರಹಸ್ಯ ಸಂದೇಶಗಳಿಗೆ ಬೀಗವಾಗಿದೆ. ಆ ಶೋಧವನ್ನು ಆಚಾರ್ಯನ ತಲೆಗೆ ಕಟ್ಟಲಾರೆ. ಅವನು ಬಯಸಿದ್ದು ಹಾರದ ಚೆಲುವನ್ನು.

ಅವನೂ ಎಡವಿದವನೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಬರೆದನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನಾದರೋ ತನ್ನ ಕಾಲಕ್ಕೆ ಸ್ಪಷ್ಟವಾಗಿಯೇ ನುಡಿದನು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಮದರಾಸಿನಲ್ಲಿ ಅಚ್ಚಾಯಿತು.

ಪುತ್ತೂರಿನಲ್ಲಿ ಓದುತ್ತಿದ್ದಾಗ ನೃಪತುಂಗನ ಹೆಸರನ್ನು ನಾನು ಬಾಯಿಪಾಠ ಮಾಡಿದ್ದೆನು. ಅವನ ಕಾಲದ ಈ ಗಣಿತಜ್ಞನ ಹೆಸರು ಕಿವಿಗೆ ಬಿದ್ದದ್ದು ತಲೆ ನರೆತ ಮೇಲೆ.